ಕಪ್ ಬಂದರೆ ಹಂದಿ ಹೋಯಿತು

ಸ್ವಲ್ಪ ಹತ್ತಿರ ಬನ್ನಿ. ಗಟ್ಟಿಯಾಗಿ ಹೇಳುವ ಮಾತಲ್ಲ ಇದು, ಪಕ್ಕದ ಮನೆಯ ಕಿಟಕಿ ತೆರೆದಿದೆ. ನಾನು ಹೇಳಿದೆ ಅಂತ ಯಾರ ಹತ್ತಿರವೂ ಬಾಯಿ ಬಿಡಬಾರದು, ಬಿಟ್ಟರೆ ನಿಮ್ಮ ಮನೆದೇವರ ಆಣೆ. ನಾನು ಯಾರ ಸುದ್ದಿಗೂ ಹೋಗುವವಳಲ್ಲ. ಸುದ್ದಿಯೇ ಬೇಲಿ ಹಾರಿ ಬಂದು ನಮ್ಮ ಜಗಲಿಯಲ್ಲಿ ಕೂತರೆ ಓಡಿಸುವುದು ಹೇಗೆ ಹೇಳಿ.

ನಮ್ಮದು ಮಾದಾಪುರದ ಹತ್ತಿರದ ಊರು. ಇಲ್ಲೊಂದು ಕಾಲೇಜು, ಕಾಲೇಜಿಗೊಂದು ಫುಟ್‌ಬಾಲ್ ತಂಡ. ಮಳೆ ನಿಂತು ಕಾಫಿ ಹಣ್ಣಿಗೆ ಬಣ್ಣ ಬರುವ ಹೊತ್ತಿಗೆ ಕಾಲೇಜು ಕಾಲೇಜುಗಳ ನಡುವೆ ಪಂದ್ಯ ಶುರುವಾಗುತ್ತದೆ. ನಮ್ಮ ತಂಡ ಯಾವ ವರ್ಷವೂ ಗೆದ್ದದ್ದಿಲ್ಲ, ಊರವರ ಆಸೆ ಯಾವ ವರ್ಷವೂ ಕಡಿಮೆಯಾದದ್ದಿಲ್ಲ. ಪಂದ್ಯ ಹತ್ತಿರ ಬಂದ ಹಾಗೆ ಒಬ್ಬರಲ್ಲ ಒಬ್ಬರಿಗೆ ತಲೆ ಕೆಡುವುದು ಇಲ್ಲಿ ಮಾಮೂಲು. ಈ ವರ್ಷ ಇಡೀ ಊರಿಗೇ ಕೆಟ್ಟಿದೆ. ಪಂದ್ಯ ಮುಗಿದ ಮೇಲೆ ನಿಧಾನಕ್ಕೆ ಹೇಳೋಣ ಅಂದರೆ ಆಗ ನನಗೆ ಹೇಳಲಿಕ್ಕೆ ಆಗುತ್ತದೋ ಇಲ್ಲವೋ. ಅದಕ್ಕೇ ಇವತ್ತೇ ಎಲ್ಲ ಒದರಿಬಿಡುತ್ತೇನೆ.

ಚೆಂಡಿಲ್ಲದ ಆಟ

ಇದಕ್ಕೆಲ್ಲ ಮೂಲ ಹೋದ ವರ್ಷದ ಕೊನೆಯ ಪಂದ್ಯ.

ನಮ್ಮ ಕಾಲೇಜಿನ ಮೈದಾನ ಇರುವುದು ಗುಡ್ಡದ ಮಗ್ಗುಲಲ್ಲಿ. ಒಂದು ಗೋಲು ಮೇಲೆ, ಇನ್ನೊಂದು ಗೋಲು ಕೆಳಗೆ, ಅದಕ್ಕೂ ಕೆಳಗೆ ಕಾಫಿ ತೋಟ. ಆಟ ಶುರುವಾಗಿ ಊರವರು ಕೂಗಲಿಕ್ಕೆ ಗಂಟಲು ಸರಿಮಾಡಿಕೊಳ್ಳುವಷ್ಟರಲ್ಲಿ ಮಂಜು ಕವಿಯಿತು. ಪಕ್ಕದಲ್ಲಿ ಕೂತವರ ಮೂಗು ಕಾಣುವುದಿಲ್ಲ, ಇನ್ನು ಆಟ ಎಲ್ಲಿ ಕಾಣಬೇಕು. ಆದರೆ ಸದ್ದು ಕೇಳುತ್ತಿತ್ತು. ಧಡಧಡ ಓಡುವುದು, ಬೀಳುವುದು, "ಕೊಡೋ, ನನಗೆ ಕೊಡೋ" ಅನ್ನುವುದು. ಕೊನೆಗೆ ರೆಫ್ರಿ ಪೀಪಿ ಊದಿ, ಗೋಲು ಯಾರದ್ದೂ ಇಲ್ಲ, ಎರಡೂ ಕಡೆ ಸಮ ಅಂದ.

ಸೋಲಲಿಲ್ಲ ಅಂತ ಗೊತ್ತಾದದ್ದೇ ಊರು ಕುಣಿಯಿತು. ಅಷ್ಟು ಹೊತ್ತಿಗೆ ಮಂಜು ಸರಿಯಿತು, ಚೆಂಡು ತೆಗೆದಿಡೋಣ ಅಂದರೆ ಚೆಂಡೇ ಇಲ್ಲ. ಕೆಳಗಿನ ತೋಟದಿಂದ ಹಣ್ಣು ಕೊಯ್ಯುವ ಹೆಂಗಸೊಬ್ಬಳು ಅದನ್ನು ಸೊಂಟಕ್ಕಿಟ್ಟುಕೊಂಡು ಹತ್ತಿ ಬಂದಳು.

"ಇದು ನಿಮ್ಮದಾ? ಮಂಜು ಬರೋ ಹೊತ್ತಿಗೇ ಉರುಳಿ ಬಂದು ನಮ್ಮ ಗಿಡದ ಬುಡದಲ್ಲಿ ಬಿದ್ದಿತ್ತು. ಯಾರಾದ್ರೂ ಬರ್ತಾರೆ ಅಂತ ಕಾದೆ ಕಾದೆ, ಯಾರೂ ಬರ್ಲಿಲ್ಲ."

ಎರಡೂ ತಂಡದವರು ಚೆಂಡೇ ಇಲ್ಲದೆ ಆಟ ಮುಗಿಸಿದ್ದರು. ನಮ್ಮ ಕ್ಯಾಪ್ಟನ್ ಒಪ್ಪಲೇ ಇಲ್ಲ. ಎರಡು ಸಲ ಗೋಲಿನತ್ತ ಹೊಡೆದಿದ್ದೇನೆ, ಗೋಲು ಕಾಯುವ ಗೋಲಿ ಹಿಡಿದಿದ್ದಾನೆ ಅಂದ. ಆ ಕಡೆಯ ಗೋಲಿಯೂ ಹೌದು, ಹಿಡಿದೆ ಅಂದ.

ನಮ್ಮ ಪಿ.ಟಿ. ಮೇಷ್ಟ್ರು ಹಾಸನದ ಕಡೆಯವರು, ಒಳ್ಳೆ ಮನುಷ್ಯ. ಚೆಂಡನ್ನು ಕಂಕುಳಲ್ಲಿ ಇಟ್ಟುಕೊಂಡು ಅಭಿಮಾನದಿಂದ ಹೇಳಿದರು, "ಚೆಂಡು ಒಂದು ಅಡ್ಡ ಬರದೇ ಇದ್ರೆ ನಮ್ಮ ಹುಡುಗರನ್ನ ಹಿಡಿಯೋರೇ ಇಲ್ಲ ನೋಡಿ."

ಮೊರದಷ್ಟು ಹಂದಿ

ಆ ಖುಷಿಯಲ್ಲೇ ನಮ್ಮ ಪಕ್ಕದ ಮನೆಯವಳು ಎಡವಟ್ಟು ಮಾಡಿಕೊಂಡದ್ದು.

ಅವಳು ತೋಟದ ರೈಟರ್‌ನ ಹೆಂಡತಿ. ರೈಟರ್ ಅಂದರೆ ಕಥೆ ಬರೆಯುವವನಲ್ಲ, ತೋಟದಲ್ಲಿ ಆಳುಗಳ ಹಾಜರಿ ಹಾಕುವವನು. ಅವನಿಗೆ ಮಾತಿಲ್ಲ, ಇವಳಿಗೆ ಬಾಯಿ ಜೋರು, ನನ್ನ ಹಾಗೆ ಮೆತ್ತಗಿನವಳಲ್ಲ. ತಂಡದಲ್ಲಿ ಅವಳ ಮಗನೂ ಇಲ್ಲ, ತಮ್ಮನೂ ಇಲ್ಲ, ಸುಮ್ಮನೆ ಹುಚ್ಚು. ಅವತ್ತು ಮೈದಾನದ ನಡುವೆ ನಿಂತು ಸೆರಗು ಕಟ್ಟಿ ಕೂಗಿಯೇಬಿಟ್ಟಳು, "ಮುಂದಿನ ವರ್ಷ ಕಪ್ ತಂದ್ರೆ ನಮ್ಮನೆ ಹಂದಿ ಕಡಿದು ಊರಿಗೆಲ್ಲ ಊಟ ಹಾಕ್ತೀನಿ."

ಬಾಯಿಮಾತಲ್ಲಿ ಬಿಟ್ಟಿದ್ದರೆ ಆಗುತ್ತಿತ್ತು. ಮಾರನೆಯ ದಿನ ದೇವರಕಾಡಿನ ಅಂಚಿಗೆ ಹೋಗಿ ಅಯ್ಯಪ್ಪನಿಗೆ ಮಣ್ಣಿನ ನಾಯಿ ಇಟ್ಟು ಬಂದಳು. ನಮ್ಮ ಕಡೆ ಹಾಗೆಯೇ. ಅಯ್ಯಪ್ಪ ಬೇಟೆಯ ದೇವರು, ನಾಯಿ ಕಂಡರೆ ಅವನಿಗೆ ಪ್ರೀತಿ. ನಾಯಿ ಇಟ್ಟು ಹರಕೆ ಹೊತ್ತರೆ ಮುಗಿಯಿತು, ಆಮೇಲೆ ಇಲ್ಲ ಅನ್ನುವ ಹಾಗಿಲ್ಲ.

ಆಗ ಆ ಹಂದಿ ಮೊರದಲ್ಲಿ ಮಲಗುವಷ್ಟು ಮರಿ. ಇದರಲ್ಲಿ ಊರಿಗೆ ಊಟವಾ, ಒಂದು ಮನೆಗೆ ಪಲ್ಯ ಆಗಲಿಕ್ಕಿಲ್ಲ ಅಂತ ಎಲ್ಲರೂ ನಕ್ಕರು. ಕಲಗಚ್ಚು, ತೌಡು, ಬೇಯಿಸಿದ ಕೆಸುವಿನ ದಂಟು, ಮಳೆಗಾಲದಲ್ಲಿ ಬಿದ್ದ ಹಲಸು, ಎಲ್ಲ ಸೇರಿ ಅದು ಬೆಳೆಯಿತು ನೋಡಿ, ಗೂಡಿನ ಬಾಗಿಲಲ್ಲಿ ಹಿಡಿಸದಾಯಿತು. ಈಗ ಜಗಲಿಯಲ್ಲಿ ಮಲಗುತ್ತದೆ, ರೈಟರ್ ಮೆಟ್ಟಿಲ ಮೇಲೆ ಕೂರುತ್ತಾನೆ. ಅವಳು ಡೈರಿಗೆ ಹಾಲು ಹಾಕಲು ಹೋದರೆ ಹಿಂದೆಯೇ ಹೋಗುತ್ತದೆ. ಹುಡುಗರು ಪ್ರಾಕ್ಟೀಸ್ ಮಾಡುವಾಗ ಮೈದಾನದ ಗೆರೆಯ ಪಕ್ಕ ಕೂತು ನೋಡುತ್ತದೆ. ನಮ್ಮವರು ಗೋಲು ತಪ್ಪಿಸಿದರೆ ಬಾಲ ಅಲ್ಲಾಡಿಸುತ್ತದೆ ಅಂತ ಜನ ಹೇಳುತ್ತಾರೆ. ಜನರ ಮಾತು ನಾನು ನಂಬುವುದಿಲ್ಲ. ನಾನೇ ಕಂಡಿದ್ದೇನೆ.

ಅಭಿಮಾನಿ ಸಂಘ ಅಂತ ಒಂದಿದೆ, ಟೀ ಅಂಗಡಿಯ ಮಲಯಾಳಿ ಅದರ ಅಧ್ಯಕ್ಷ. ಈ ವರ್ಷ ಸಂಘದವರು ಪ್ರಾಕ್ಟೀಸ್ ನೋಡಲು ಹೋಗುವುದನ್ನೇ ಬಿಟ್ಟರು. ಸಂಜೆಯಾದರೆ ನೇರ ರೈಟರ್ ಮನೆಗೆ, ಹಂದಿಯ ಬೆನ್ನು ಒತ್ತಿ ನೋಡಲಿಕ್ಕೆ. ತೊಡೆ ಯಾರಿಗೆ, ಪಕ್ಕೆ ಯಾರಿಗೆ ಅಂತ ಮಳೆಗಾಲದಲ್ಲೇ ತೀರ್ಮಾನ ಆಯಿತು. ಹಂದಿ ಸಾರಿಗೆ ಹಾಕುವ ಹುಳಿ, ಕಾಚಂಪುಳಿ, ನನ್ನ ಮನೆಯದ್ದು ಅಂತ ನಾನೂ ಹೇಳಿದ್ದೆ, ಯಾರೋ ಕೇಳಿದರು ಅಂತ.

ಹೋದ ವರ್ಷ ಅವಳು ಕೂಗುವ ಹೊತ್ತಿಗೆ ಪಿ.ಟಿ. ಮೇಷ್ಟ್ರು ಚೆಂಡು ತೆಗೆದಿಡಲು ಕಾಲೇಜಿಗೆ ಹೋಗಿದ್ದರು, ಆಮೇಲೂ ಅವರಿಗೆ ಮಾತ್ರ ಇದನ್ನು ಯಾರೂ ಹೇಳಿರಲಿಲ್ಲ. ಅವರು ಮಾಂಸ ಮುಟ್ಟುವವರಲ್ಲ, ಅವರ ಮುಂದೆ ಯಾಕೆ ಈ ಮಾತು ಅಂತ. ಪಾಪ, ದಾರಿಯಲ್ಲಿ ಸಿಕ್ಕಿದವರೆಲ್ಲ ಅವರನ್ನು ಒಂದೇ ಮಾತು ಕೇಳುತ್ತಿದ್ದರು: "ಸಾರ್, ಫೈನಲ್ ಯಾವತ್ತು? ಬೆಳಿಗ್ಗೆಯೇ ಇಡ್ಸಿ ಸಾರ್, ಮಧ್ಯಾಹ್ನ ಆದ್ರೆ ಕಷ್ಟ."

ಒಂದು ದಿನ ನಮ್ಮ ಜಗಲಿಯಲ್ಲಿ ಕೂತು ಕಣ್ಣು ಒರೆಸಿಕೊಂಡರು. "ಮೊದಲನೇ ಆಟ ಯಾವತ್ತು ಅಂತ ಒಬ್ಬರೂ ಕೇಳಲ್ಲಮ್ಮ, ಎಲ್ಲರೂ ಫೈನಲ್ ಕೇಳ್ತಾರೆ. ಇಷ್ಟು ನಂಬಿಕೆ ನನಗೇ ಇಲ್ಲ."

ಉರುಳದ ಚೆಂಡು

ಈ ಸಲದ ಪಂದ್ಯಗಳೆಲ್ಲ ಕುಶಾಲನಗರದ ಕಡೆ, ಸಮತಟ್ಟಾದ ಮೈದಾನದಲ್ಲಿ ಅಂತ ಗೊತ್ತಾಯಿತು. ಮೇಷ್ಟ್ರು ಹುಡುಗರಿಗೆ ಅಭ್ಯಾಸ ಆಗಲಿ ಅಂತ ಹಾರಂಗಿಯ ಹತ್ತಿರದ ಒಂದು ತಂಡದ ಜೊತೆ ಆಟ ಗೊತ್ತುಮಾಡಿದರು. ಊರವರು ಜೀಪು ಮಾಡಿಕೊಂಡು ಹೋದೆವು. ನನಗೆ ಸೊಂಟನೋವು, ಆದರೂ ಹೋದೆ. ನಾಲ್ಕು ಜನ ಸೇರುವ ಕಡೆ ಒಬ್ಬರು ತಿಳಿದವರು ಇರಬೇಕಲ್ಲ.

ನಮ್ಮ ಹುಡುಗರು ಹುಟ್ಟಿದಾಗಿನಿಂದ ಇಳಿಜಾರಿನಲ್ಲೇ ಆಡಿದವರು. ಚೆಂಡು ನೆಲಕ್ಕಿಟ್ಟು, ಅದು ತಾನಾಗಿ ಉರುಳುತ್ತದೆ ಅಂತ ಕಾಯುತ್ತಾ ನಿಂತರು. ಚೆಂಡು ಅಲ್ಲಾಡಲಿಲ್ಲ. ಇವರೂ ಅಲ್ಲಾಡಲಿಲ್ಲ. ಎದುರಿನವರು, ಏನೋ ಉಪಾಯ ಇರಬೇಕು ಅಂತ ಹೆದರಿ ಅವರೂ ನಿಂತರು. ನಮ್ಮ ಕ್ಯಾಪ್ಟನ್ ರೆಫ್ರಿಯ ಹತ್ತಿರ ಹೋಗಿ, "ಸಾರ್, ಈ ಚೆಂಡು ಕೆಟ್ಟಿದೆ, ಬೇರೆ ಕೊಡಿ," ಅಂದ.

ಅರ್ಧ ಆಟ ಹೀಗೇ ಹೋಯಿತು. ಆಮೇಲೆ ಮೇಷ್ಟ್ರು ಹುಡುಗರನ್ನು ಕೂರಿಸಿಕೊಂಡು, "ಎರಡೂ ಕಡೆ ಏರು ಅಂದ್ಕೊಂಡು ಹೊಡೀರಿ" ಅಂದರು. ಗುಡ್ಡ ಹತ್ತಿಸುವ ಬಲದಲ್ಲಿ ಸಮತಟ್ಟಾದ ನೆಲದ ಮೇಲೆ ಹೊಡೆದರೆ ಏನಾಗಬೇಕು. ಚೆಂಡು ಬರುವ ರಭಸ ನೋಡಿ ಎದುರಿನ ಗೋಲಿ ಪಕ್ಕಕ್ಕೆ ಸರಿದು ದಾರಿ ಬಿಟ್ಟ.

ಗೆದ್ದೆವು. ಗೆದ್ದರೆ ಏನು ಮಾಡಬೇಕು ಅಂತ ನಮ್ಮ ಹುಡುಗರಿಗೆ ಗೊತ್ತಿರಲಿಲ್ಲ. ರೂಢಿಯ ಮೇಲೆ ಎದುರಿನವರ ಕೈಕುಲುಕಿ, "ಇರಲಿ, ಮುಂದಿನ ಸಲ ನೋಡ್ಕೊಳ್ತೀವಿ," ಅಂದು ತಲೆ ತಗ್ಗಿಸಿಕೊಂಡು ಬಂದರು.

ಊರು ಮುಟ್ಟುವ ತನಕ ಜೀಪಿನ ಹಾರ್ನ್ ನಿಲ್ಲಲಿಲ್ಲ. ಟೀ ಅಂಗಡಿಯವನು ಅವತ್ತೇ ಅಟ್ಟದಿಂದ ದೊಡ್ಡ ಕೊಪ್ಪರಿಗೆ ಇಳಿಸಿ ಹುಣಸೆಹುಳಿ ಹಾಕಿ ಉಜ್ಜಿದ. ಪಕ್ಕದ ಮನೆಯವಳು ಮಾತ್ರ ಜೀಪಿನಿಂದ ಹಾರಿ ಮನೆಗೆ ಓಡಿ, ಹಂದಿಯ ಕುತ್ತಿಗೆ ತಬ್ಬಿ ಬಿಕ್ಕಿ ಬಿಕ್ಕಿ ಅತ್ತಳು. ನಾನು ಬೇಲಿಯ ಹತ್ತಿರ ಕರಿಬೇವು ಕೊಯ್ಯುತ್ತಿದ್ದೆ, ಕಣ್ಣಿಗೆ ಬಿತ್ತು. ನಮ್ಮ ಕರಿಬೇವಿನ ಗಿಡ ಇರುವುದು ಆ ಕಡೆ ಹಿತ್ತಲಲ್ಲಿ, ಅದು ಬೇರೆ ವಿಷಯ.

ರೈಟರ್ ಕೇಳಿದ, "ಯಾಕೆ ಅಳ್ತಿದ್ದೀಯ? ಗೆದ್ದಿದ್ದೀವಲ್ಲ."

"ಅದಕ್ಕೇ ಅಳ್ತಿರೋದು."

ರೈಟರ್ ಹಂದಿಯ ಮುಖ ನೋಡಿದ, ಹಂದಿ ರೈಟರ್ ಮುಖ ನೋಡಿತು. ವಿಷಯ ಅರ್ಥವಾದ ಹಾಗೆ ಕಂಡದ್ದು ಹಂದಿಗೆ.

ಎರಡನೆಯ ನಾಯಿ

ಅವಳ ಅಳು ನನ್ನ ತಲೆಯಲ್ಲೇ ಕೂತಿತು. ಸಂತೆಯ ದಿನ ಸೋಮವಾರಪೇಟೆಗೆ ಹೋದೆ, ಮಡಕೆಯವನ ಹತ್ತಿರ ಸುಮ್ಮನೆ ಮಾತಿಗೆ ನಿಂತೆ. ಮಣ್ಣಿನ ನಾಯಿ ಮಾಡಿ ಮಾರುವವನೂ ಅವನೇ. ಊರವರ ಹಾಗೆ ಅವನೂ ನನ್ನನ್ನು ದೊಡ್ಡವ್ವ ಅನ್ನುತ್ತಾನೆ.

"ದೊಡ್ಡವ್ವ, ನಿಮ್ಮ ಪಕ್ಕದ ಮನೆಯವ್ರು ಇನ್ನೊಂದು ನಾಯಿ ತಗೊಂಡೋದ್ರು," ಅಂದ.

ನನ್ನ ಎದೆ ಧಸಕ್ಕೆಂದಿತು, ಸಂತೋಷಕ್ಕೆ. "ಯಾವಾಗ?"

"ಹಾರಂಗಿ ಆಟಕ್ಕೆ ಮುಂಚಿನ ಸಂತೇಲಿ. ಹೊತ್ತ ಹರಕೆ ವಾಪಸ್ ತಗೊಳ್ಳೋಕೆ ಆಗುತ್ತಾ ಅಂತ ಕೇಳಿದ್ರು. ಆಗಲ್ಲ, ಬೇಕಾದ್ರೆ ಅದರ ಬದಲಿಗೆ ಅದಕ್ಕಿಂತ ದೊಡ್ಡದು ಏನಾದ್ರೂ ಒಪ್ಪಿಸಬಹುದು ಅಂದೆ. ಸ್ವಲ್ಪ ಹೊತ್ತು ಯೋಚನೆ ಮಾಡಿದ್ರು, ಆಮೇಲೆ ನಗ್ತಾ ನಾಯಿ ಕಟ್ಟಿಸ್ಕೊಂಡು ಹೋದ್ರು."

ಹಂದಿಗಿಂತ ದೊಡ್ಡದು ಅವಳ ಮನೆಯಲ್ಲಿ ಏನಿದೆ, ರೈಟರನ್ನು ಒಪ್ಪಿಸುತ್ತಾಳಾ? ನಾನು ಓದಿದ್ದು ಎರಡನೇ ಕ್ಲಾಸು, ಆದರೆ ಇಷ್ಟು ಲೆಕ್ಕ ಬರುತ್ತದೆ. ಹಂದಿ ಉಳಿಯಬೇಕಾದರೆ ತಂಡ ಸೋಲಬೇಕು. ಮೈದಾನದಲ್ಲಿ ಎಲ್ಲರಿಗಿಂತ ಜೋರಾಗಿ ಕೂಗುವವಳು ದೇವರಕಾಡಿಗೆ ಹೋಗಿ, ಸೋಲಲಿ ಅಂತ ನಾಯಿ ಇಟ್ಟು ಬಂದಿದ್ದಾಳೆ. ದೇವರು ಕೇಳದೆ ಹಾರಂಗಿಯಲ್ಲಿ ಗೆಲ್ಲಿಸಿಬಿಟ್ಟ, ಅದಕ್ಕೇ ಆ ಅಳು.

ಇಷ್ಟು ದೊಡ್ಡ ದ್ರೋಹ ಹೊಟ್ಟೆಯಲ್ಲಿ ಇಟ್ಟುಕೊಂಡರೆ ನನ್ನ ವಯಸ್ಸಿಗೆ ಒಳ್ಳೆಯದಲ್ಲ. ಟೀ ಅಂಗಡಿಯವನಿಗೆ ಒಬ್ಬನಿಗೇ ಹೇಳಿದೆ, ಆಣೆ ಹಾಕಿಸಿಯೇ ಹೇಳಿದೆ. "ಚೇಚಿ, ನನ್ನ ಬಾಯಿಂದ ಹೊರಗೆ ಹೋಗಲ್ಲ," ಅಂದ. ಮಾತಿಗೆ ತಪ್ಪಲಿಲ್ಲ, ಬಾಯಿ ತೆರೆಯಲೇ ಇಲ್ಲ. ಮೊಬೈಲು ತೆಗೆದು ಸಂಘದ ವಾಟ್ಸಾಪ್ ಗ್ರೂಪಿಗೆ ಹಾಕಿದ.

ಮುಖದ ಮೇಲೆ

ನಿನ್ನೆ ಸಂಜೆ ಮೈದಾನದಲ್ಲಿ ಊರು ಸೇರಿತು. ಮೊದಲ ಆಟ ಹತ್ತಿರ ಬಂದಿದೆ, ಅದಕ್ಕೆ ಮುಂಚೆ ಇದು ತೀರ್ಮಾನ ಆಗಬೇಕು ಅಂತ. ಅವಳೂ ಬಂದಳು, ಹಿಂದೆ ಹಂದಿಯೂ ಬಂತು. ನಾನು ಹಿಂದಿನ ಸಾಲಿನಲ್ಲಿ ಇದ್ದೆ, ಹೇಗೋ ಮುಂದಿನ ಸಾಲಿಗೆ ಬಂದುಬಿಟ್ಟಿದ್ದೆ.

ಅಧ್ಯಕ್ಷ ಕೇಳಿದ, "ಹಂದಿ ಉಳೀಲಿ, ತಂಡ ಸೋಲ್ಲಿ ಅಂತ ನಾಯಿ ಇಟ್ಟಿದ್ದೀಯಂತೆ, ಹೌದಾ?"

"ಹಂದಿಗೂ ತಂಡಕ್ಕೂ ಏನು ಸಂಬಂಧ?" ಅಂದರು ಮೇಷ್ಟ್ರು.

ಆಗ ಅವರಿಗೆ ಎಲ್ಲ ಹೇಳಬೇಕಾಯಿತು. ಹೋದ ವರ್ಷದ ಹರಕೆ, ಕೊಪ್ಪರಿಗೆ, ತೊಡೆ, ಪಕ್ಕೆ, ಕಾಚಂಪುಳಿ. ಮೇಷ್ಟ್ರು ಕೈಯಲ್ಲಿದ್ದ ಚೆಂಡು ನೆಲಕ್ಕಿಟ್ಟು ಅದರ ಮೇಲೆ ಕೂತರು. ಇಳಿಜಾರಲ್ಲವಾ, ಅವರನ್ನು ಹಿಡಿದುಕೊಳ್ಳಲು ಇಬ್ಬರು ಬೇಕಾಯಿತು.

"ಹಾಗಾದ್ರೆ ಫೈನಲ್ ಬೆಳಿಗ್ಗೆನೇ ಇಡ್ಸಿ ಅಂದಿದ್ದು?"

"ಬೇಯೋಕೆ ಹೊತ್ತು ಬೇಕಲ್ಲ ಸಾರ್," ಅಂದ ಅಧ್ಯಕ್ಷ.

ಪಕ್ಕದ ಮನೆಯವಳು ಸೊಂಟಕ್ಕೆ ಕೈ ಇಟ್ಟು ನಿಂತಳು. "ನಮ್ಮ ತಂಡ ಸೋಲ್ಲಿ ಅಂತ ಹರಕೆ ಹೊರೋಕೆ ನನಗೇನು ತಲೆ ಕೆಟ್ಟಿದೆಯಾ? ಅದು ಹರಕೆ ಇಲ್ಲದೇನೇ ಆಗುತ್ತಲ್ಲ. ನಾನು ಬೇಡ್ಕೊಂಡಿರೋದು ಗೆಲ್ಲಲಿ ಅಂತಲೇ. ಒಪ್ಪಿಸೋದನ್ನ ಮಾತ್ರ ಬದಲಾಯಿಸಿದ್ದೀನಿ. ಎರಡನೇ ನಾಯಿ ಇಟ್ಟ ಮೇಲೇನೇ ಹಾರಂಗೀಲಿ ಗೆದ್ದಿದ್ದು. ದೇವರು ಒಪ್ಕೊಂಡ ಅಂತ ಗೊತ್ತಾಯ್ತು, ಇನ್ನು ಇದು ಉಳೀತು ಅಂತ ಅವತ್ತು ಕಣ್ಣಲ್ಲಿ ನೀರು ಬಂತು."

ನನಗೆ ತಡೆಯಲಾಗಲಿಲ್ಲ. "ಹಂದಿಗಿಂತ ದೊಡ್ಡದು ಏನು ಒಪ್ಪಿಸಿದ್ದೀಯ ಮಾರಾಯ್ತಿ?"

ಅವಳು ನನ್ನನ್ನು ನೋಡಲೂ ಇಲ್ಲ, ಊರವರ ಕಡೆ ತಿರುಗಿ ಹೇಳಿದಳು. "ಕಪ್ ಬಂದ್ರೆ, ಅವತ್ತಿಂದ ಮುಂದಿನ ವರ್ಷದ ಹುತ್ತರಿ ಹಬ್ಬದ ತನಕ ದೊಡ್ಡವ್ವ ಯಾರ ಸುದ್ದಿನೂ ಆಡಲ್ಲ, ಅಂತ."

ಅಧ್ಯಕ್ಷ ಹಂದಿಯನ್ನು ಒಂದು ಸಲ ನೋಡಿದ, ನನ್ನನ್ನು ಒಂದು ಸಲ ನೋಡಿದ, ಆಮೇಲೆ ಕೊಪ್ಪರಿಗೆ ವಾಪಸ್ ಅಟ್ಟಕ್ಕೆ ಹಾಕ್ತೀನಿ ಅಂದ. ಮುಖದಲ್ಲಿ ಒಂದು ಚೂರೂ ಬೇಜಾರಿಲ್ಲ. ಸಂಘದವರು ಮೇಷ್ಟ್ರನ್ನು ಸುತ್ತಿಕೊಂಡು, ಪ್ರಾಕ್ಟೀಸ್ ಬೆಳಿಗ್ಗೆಯೂ ಇಡಿ, ಸಂಜೆಯೂ ಇಡಿ, ಹುಡುಗರಿಗೆ ಮೊಟ್ಟೆ ನಾವು ಕೊಡುತ್ತೇವೆ ಅಂದರು. ಜನ್ಮದಲ್ಲಿ ಬಾಯಿ ತೆರೆಯದ ರೈಟರೂ ಮುಂದೆ ಬಂದು, "ಈ ಸಲ ಗೆಲ್ಲಲೇಬೇಕು" ಅಂದ. ಇಷ್ಟು ವರ್ಷದಲ್ಲಿ ಊರು ಹೀಗೆ ಒಂದಾದದ್ದನ್ನು ನಾನು ಕಂಡಿರಲಿಲ್ಲ.

ನೇರ ಅವಳ ಎದುರು ಹೋಗಿ ನಿಂತೆ.

"ನನ್ನ ಬಾಯಿ ಮೇಲೆ ಹರಕೆ ಹೊರೋಕೆ ನೀನ್ಯಾರೆ? ಒಂದು ಮಾತು ನನ್ನನ್ನ ಕೇಳ್ಬೇಕು ಅಂತ ಅನ್ನಿಸ್ಲಿಲ್ವಾ ನಿನಗೆ?"

ಅವಳು ಹಂದಿಯ ಕಿವಿ ಸವರುತ್ತಾ ನನ್ನ ಮುಖ ನೋಡಿಯೇ ಹೇಳಿದಳು.

"ಹಂದೀನೂ ಯಾರೂ ಕೇಳಿರ್ಲಿಲ್ಲ, ದೊಡ್ಡವ್ವ."