ಕಪ್ಪೆಯ ಒಂದೂವರೆ ಸುತ್ತು

ನಮ್ಮ ಬೆಟ್ಟ ಕಾವಲು ಕಚೇರಿಗೆ ಸೇರಿದ ನಾಲ್ಕು ಗಾಲಿಯ ಗುಡ್ಡಗಾಡು ವಾಹನದ ಕಾರ್ಬೊರೇಟರಿನಲ್ಲಿರುವ ಒಂದು ಸ್ಕ್ರೂವನ್ನು ಒಂದೂವರೆ ಸುತ್ತು ತಿರುಗಿಸುವ ಕಾಮಗಾರಿಯು ಕೇವಲ ಹನ್ನೊಂದು ದಿನಗಳಲ್ಲಿ, ಯಾವುದೇ ಪ್ರಾಣಹಾನಿಯಿಲ್ಲದೆ ಪೂರ್ಣಗೊಂಡಿದೆ. ಹೂವಿನ ಕುಂಡಗಳನ್ನು ಪ್ರಾಣಿಗಳೆಂದು ಪರಿಗಣಿಸಿಲ್ಲ.

ಕಡತದಲ್ಲಿ ಆ ವಾಹನದ ಹೆಸರು ‘ಸರ್ವಭೂಭಾಗ ಸಂಚಾರಿ’. ನಾವು ಕರೆಯುವುದು ಕಪ್ಪೆ ಅಂತ. ಕೂತರೆ ಕೂತೇ ಇರುತ್ತದೆ, ಎದ್ದರೆ ಎಗರುತ್ತದೆ. ಬೆಟ್ಟದ ತುದಿಯಲ್ಲಿ ಕಾಡಿಗೆ ಬೆಂಕಿ ಬಿತ್ತೇ ಎಂದು ನೋಡಲು ಒಂದು ಮರದ ಗೋಪುರವಿದೆ. ಅಲ್ಲಿಗೆ ವಾರಕ್ಕೊಬ್ಬ ಕಾವಲುಗಾರನನ್ನು ಬಿಟ್ಟುಬರುವುದು, ವಾರ ಮುಗಿದ ಮೇಲೆ ಇಳಿಸಿಕೊಂಡು ಬರುವುದು, ಇಷ್ಟೇ ಕಪ್ಪೆಯ ಕೆಲಸ. ಆ ವಾರ ಮೇಲಿದ್ದವರು ನನ್ನ ಭಾವ, ಸ್ವಂತ ಅಕ್ಕನ ಗಂಡ. ವಾರ ಮುಗಿಯುವ ದಿನ ಬೆಳಿಗ್ಗೆ, ಏಣಿಗೆ ಇನ್ನೂ ಒಂದು ಮೆಟ್ಟಿಲಿದೆ ಅಂದುಕೊಂಡು ಕಾಲಿಟ್ಟರು. ಇರಲಿಲ್ಲ. ಪಾದ ಕುಂಬಳಕಾಯಿಯಾಯಿತು.

“ಕಾಲು ಊರೋಕಾಗ್ತಿಲ್ಲ,” ಎಂದರು ವೈರ್‌ಲೆಸ್ಸಿನಲ್ಲಿ. “ಬಿಸ್ಕತ್ತು ಮೂರು ಪೊಟ್ಟಣ ಇದೆ. ಬೇಗ ಗಾಡಿ ಕಳ್ಸಿ. ಓವರ್.”

ಡ್ರೈವರ್ ಕಪ್ಪೆಯನ್ನು ಹೊರಡಿಸಿದ. ಅದು ಗೇಟಿನವರೆಗೆ ಹೋಗಿ, ಎರಡು ಸಲ ಕೆಮ್ಮಿ, ಕರಿ ಹೊಗೆ ಉಗುಳಿ ನಿಂತಿತು. ಮತ್ತೆ ಹೊರಡಿಸಿದ. ಮತ್ತೆ ಕೆಮ್ಮಿತು.

ನಮ್ಮ ಮೆಕ್ಯಾನಿಕ್ ಇಪ್ಪತ್ತಾರು ವರ್ಷದಿಂದ ಕಿವಿಯಲ್ಲೇ ಕೆಲಸ ಮಾಡಿದವನು. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಇಂಜಿನ್ನಿಗೆ ತಾಗಿಸಿ, ಮರದ ಹಿಡಿಯನ್ನು ಕಿವಿಯ ಹಿಂದಿನ ಮೂಳೆಗೆ ಒತ್ತಿ, ಕಣ್ಣು ಮುಚ್ಚುತ್ತಾನೆ. ಆಗ ಅವನ ಮುಖ ನೋಡಿದರೆ, ಒಳಗಿನಿಂದ ಯಾರೋ ಮನೆ ಕಷ್ಟ ಹೇಳಿಕೊಳ್ಳುತ್ತಿದ್ದಾರೆ ಅನ್ನಿಸುತ್ತದೆ.

“ಉಸಿರು ಕಟ್ತಿದೆ ಪಾಪ,” ಎಂದ. “ಪೆಟ್ರೋಲು ಜಾಸ್ತಿ ಕುಡೀತಿದೆ, ಗಾಳಿ ಸಾಲ್ತಿಲ್ಲ. ಈ ಸ್ಕ್ರೂ ಪೂರ್ತಿ ಬಿಗಿ ಮಾಡಿ, ಒಂದೂವರೆ ಸುತ್ತು ಬಿಚ್ಚಿದ್ರೆ ಆಯ್ತು. ನೀವು ಟೀ ಕುಡಿದು ಮುಗಿಸೋದ್ರೊಳಗೆ ರೆಡಿ.”

“ಮುಟ್ಟಬೇಡ!” ಎಂದು ಸ್ಟೋರ್ ಕೀಪರ್ ಕಿಟಕಿಯಿಂದ ಕೂಗಿದ. “ನಿಯಮ ನಲವತ್ತೊಂದು!”

ನಿಯಮ ನಲವತ್ತೊಂದು ಹೀಗಿದೆ: “ಕಚೇರಿಯ ಯಾವುದೇ ವಾಹನದ ಯಾವುದೇ ಸ್ಕ್ರೂವನ್ನು ಒಂದು ಪೂರ್ಣ ಸುತ್ತಿಗಿಂತ ಹೆಚ್ಚು ತಿರುಗಿಸುವಾಗ ಕಚೇರಿ ಮುಖ್ಯಸ್ಥರ ಒಂದು ಕಿವಿಯು ಸ್ಥಳದಲ್ಲಿ ಹಾಜರಿದ್ದು, ಹೊರಡುವ ಶಬ್ದವು ತೃಪ್ತಿಕರವಾಗಿದೆಯೆಂದು ದೃಢೀಕರಿಸತಕ್ಕದ್ದು.”

ಇದನ್ನು ಬರೆದವನು ನಾನು. ಕಚೇರಿಯ ಟೈಪಿಸ್ಟು ನಾನೇ. ಎರಡು ವರ್ಷದ ಹಿಂದೆ ನಲವತ್ತು ನಿಯಮಗಳನ್ನು ಒಂದೇ ಉಸಿರಿಗೆ ಟೈಪ್ ಮಾಡಿ ಸೊಂಟ ಹಿಡಿದುಕೊಂಡಿತ್ತು. ಇದನ್ನೆಲ್ಲ ಯಾರಾದರೂ ಓದುತ್ತಾರಾ ನೋಡೋಣ ಅಂತ ಕೊನೆಗೊಂದು ಸಾಲು ಸೇರಿಸಿದೆ. ಇಂಥ ಪರೀಕ್ಷೆಗಳನ್ನು ನಾನು ಆಗಾಗ ನಡೆಸುವುದುಂಟು. ಒಮ್ಮೆ ಕಚೇರಿಯ ಬೆಕ್ಕಿನ ಹೆಸರಿನಲ್ಲಿ ರಜೆ ಅರ್ಜಿ ಇಟ್ಟಿದ್ದೆ, ಮೂರು ದಿನ ಮಂಜೂರಾಯಿತು. ನಿಮಗೆ ಇದು ಸುಳ್ಳೆನಿಸಬಹುದು, ಆದರೆ ಬೆಕ್ಕು ಆ ಮೂರು ದಿನ ಬರಲಿಲ್ಲ.

ಭಾವನ ಕಾಲು ನೆನಪಾಗಿ, ಮುಖ್ಯಸ್ಥರಾದ ಸಾಹೇಬರ ಕೋಣೆಗೆ ಹೋಗಿ ತಪ್ಪೊಪ್ಪಿಕೊಂಡೆ.

“ಸಾರ್, ಆ ನಲವತ್ತೊಂದು ನಾನು ತಮಾಷೆಗೆ ಬರೆದದ್ದು.”

ಸಾಹೇಬರು ಕನ್ನಡಕ ತೆಗೆದರು. “ನೀನು ಬರೆದದ್ದು ತಮಾಷೆಗೆ. ನಾನು ಸಹಿ ಮಾಡಿದ್ದು ತಮಾಷೆಗಾ?”

“ಅಲ್ಲ ಸಾರ್, ಆದ್ರೆ ಮೇಲೆ ನನ್ನ ಭಾವ…”

“ಅದೇ ನೋಡು. ನಿನ್ನ ಭಾವ ಅಂತ ಸಡಿಲ ಬಿಟ್ರೆ ನಾಳೆ ಎಲ್ಲರ ಭಾವಂದಿರೂ ಮೇಲೆ ಹೋಗಿ ಕೂತ್ಕೋತಾರೆ.”

ನಾನು ಹೊರಬಂದು ಹೊಸ ಕಡತ ತೆರೆದೆ.

ಮುಂದಿನ ನಾಲ್ಕು ದಿನಗಳು ‘ಒಂದು ಕಿವಿ’ ಎಂದರೆ ಯಾವ ಕಿವಿ ಎಂಬ ಚರ್ಚೆಗೆ ವಿನಿಯೋಗವಾದವು. ಸಾಹೇಬರ ಬಲಗಿವಿ ಮೇಲಧಿಕಾರಿಗಳ ಫೋನಿಗೆ ಮೀಸಲು. ಅದನ್ನು ಹೊಗೆ, ಎಣ್ಣೆಗಳ ಹತ್ತಿರ ಒಯ್ಯುವುದು ಅಶಿಸ್ತು. ಆದ್ದರಿಂದ ಎಡಗಿವಿಯನ್ನು ನಿಯೋಜಿಸಲಾಯಿತು. ಸಾಹೇಬರು ಹಿಂದೆ ಕಲ್ಲುಗಣಿ ವಿಭಾಗದಲ್ಲಿದ್ದಾಗ ಒಂದು ಸಿಡಿಮದ್ದು ಹೇಳದೇ ಕೇಳದೇ ಸಿಡಿದು, ಅಂದಿನಿಂದ ಆ ಕಿವಿ ಯಾರ ಮಾತನ್ನೂ ಕೇಳಿಲ್ಲ. ಕಿವಿ ಇದೆಯೆಂದು ವೈದ್ಯರಿಂದ ಪ್ರಮಾಣಪತ್ರ ತರಿಸಿದೆವು. ಕೇಳಿಸುತ್ತದೆಯೇ ಎಂಬ ಪ್ರಶ್ನೆ ನಮೂನೆಯಲ್ಲಿರಲಿಲ್ಲ.

ಆರನೆಯ ದಿನ ಕಚೇರಿಯ ಅಂಗಳದಲ್ಲಿ ಕುರ್ಚಿ ಹಾಕಿಸಿ, ಎಡಗಿವಿಯನ್ನು ಕಪ್ಪೆಯ ಕಡೆ ತಿರುಗಿಸಿ ಸಾಹೇಬರು ಆಸೀನರಾದರು. ಮೆಕ್ಯಾನಿಕ್ ಸ್ಕ್ರೂ ಬಿಗಿ ಮಾಡಿದ, ಒಂದೂವರೆ ಸುತ್ತು ಬಿಚ್ಚಿದ. ಕಪ್ಪೆ ಗುರುಗುರು ಅನ್ನತೊಡಗಿತು. ಹಾಲು ಕುಡಿದ ಮಗು ನಿದ್ದೆ ಮಾಡಿದ ಹಾಗೆ. ಡ್ರೈವರ್ ಆಗಲೇ ಟವೆಲ್ಲಿನಿಂದ ಸೀಟು ಒರೆಸುತ್ತಿದ್ದ.

“ಏನೂ ಕೇಳ್ತಿಲ್ಲ,” ಎಂದರು ಸಾಹೇಬರು.

“ಚೆನ್ನಾಗಿ ಓಡ್ತಿದೆ ಸಾರ್.”

“ಏನಂದೆ?”

“ಚೆನ್ನಾಗಿ ಓಡ್ತಿದೆ!”

“ಓಡ್ತಿದ್ರೆ ಕೇಳಬೇಕಲ್ಲ. ಇನ್ನೂ ತಿರುಗಿಸು.”

ಮೆಕ್ಯಾನಿಕ್ ನನ್ನ ಮುಖ ನೋಡಿದ. ನಾನು ಆಕಾಶ ನೋಡಿದೆ. ಅವನು ಇನ್ನೊಂದು ಸ್ಕ್ರೂ, ಅಂದರೆ ಇಂಜಿನ್ನಿನ ವೇಗದ್ದು, ಅದನ್ನು ತಿರುಗಿಸುತ್ತ ಹೋದ. ಅಕ್ಕಪಕ್ಕದ ಅಂಗಡಿಗಳವರು ಬಾಗಿಲಿಗೆ ಬಂದರು. ಬೆಕ್ಕು ಮಂಜೂರಾತಿಯಿಲ್ಲದೆ ರಜೆಯ ಮೇಲೆ ಹೋಯಿತು.

“ಹಾಂ! ಈಗ ಅಷ್ಟೋ ಇಷ್ಟೋ ಕೇಳ್ತಿದೆ,” ಎಂದರು ಸಾಹೇಬರು. ಅಷ್ಟರಲ್ಲಿ ಸೀಟು ಒರೆಸುತ್ತಿದ್ದ ಡ್ರೈವರನ ಮೊಣಕೈ ಗೇರಿಗೆ ತಗುಲಿತು. ಕಪ್ಪೆ ಎಗರಿತು. ಒಂಬತ್ತು ಹೂಕುಂಡಗಳನ್ನು ದಾಟಿ, ದಾಟಿದ್ದಕ್ಕಿಂತ ಹೆಚ್ಚಾಗಿ ಮುರಿದು, ಕಾಂಪೌಂಡ್ ಗೋಡೆಗೆ ಹಣೆ ಕೊಟ್ಟು ನಿಂತಿತು. ಆಮೇಲೆ ಅದು ಕೆಮ್ಮಲೂ ಇಲ್ಲ.

“ಸರಿ ಇದ್ದದ್ದನ್ನ ಕೆಡಿಸಿದ್ದಾಯ್ತು,” ಎಂದ ಮೆಕ್ಯಾನಿಕ್. “ಒಳಗೆಲ್ಲ ಬಿಚ್ಚಿ, ಮತ್ತೆ ಮೊದಲಿಂದ ಕೂರಿಸಬೇಕು.”

“ಧಾರಾಳವಾಗಿ ಕೂರಿಸು,” ಎಂದರು ಸಾಹೇಬರು. “ಆದ್ರೆ ಕಿವಿ ಹಾಜರಿರಬೇಕು. ಅದು ಈಗ ಗುಂಯ್ ಅಂತಿದೆ. ಅದಕ್ಕೆ ಒಂದು ವಾರ ವಿಶ್ರಾಂತಿ.”

ವೈರ್‌ಲೆಸ್ಸಿನಲ್ಲಿ ಭಾವನ ಮಾತುಗಳು ದಿನದಿನಕ್ಕೆ ಚಿಕ್ಕವಾಗುತ್ತ ಬಂದವು. ಒಂಬತ್ತನೆಯ ದಿನ, “ಒಂದು ಪೊಟ್ಟಣ. ಓವರ್.” ಹತ್ತನೆಯ ದಿನ, “ನಾಲ್ಕು ಬಿಸ್ಕತ್ತು. ಓವರ್.” ಹನ್ನೊಂದನೆಯ ದಿನ ಬೆಳಿಗ್ಗೆ ಬರೀ, “ಓವರ್.”

ಅವತ್ತು ಅಕ್ಕ ಊಟದ ಡಬ್ಬಿ ಹಿಡಿದು ಕಚೇರಿಗೆ ಬಂದಳು. ನಾನು ಕಡತದ ಹಿಂದೆ ಅವಿತುಕೊಂಡೆ. ಅವಳು ಕಡತವನ್ನು ಪಕ್ಕಕ್ಕೆ ಸರಿಸಿದಳು.

“ನಿಮ್ಮ ಭಾವ ಎಲ್ಲೋ?”

“ಪ್ರಕ್ರಿಯೆಯಲ್ಲಿದ್ದಾರೆ ಅಕ್ಕಾ.”

“ಪ್ರಕ್ರಿಯೇನ ತಂದು ನಿನ್ನ ತಲೆ ಮೇಲೆ ಹಾಕ್ತೀನಿ. ನಡಿ, ಎಲ್ಲಿ ನಿಮ್ಮ ಸಾಹೇಬ್ರು?”

ಒಳಗೆ ಹೋದವಳು ಬಲಗಿವಿಯ ಕಡೆಯೇ ನಿಂತು ಮಾತಾಡಿದಳು. ಹೆಂಗಸರಿಗೆ ಇವೆಲ್ಲ ಹೇಗೆ ಗೊತ್ತಾಗುತ್ತದೋ!

“ನಾಲ್ಕು ಜನರನ್ನ ಕಳಿಸಿ. ಹೊತ್ಕೊಂಡು ಬರಲಿ. ನಮ್ಮೋರು ಐವತ್ತೆರಡು ಕೆಜಿ ಇದ್ರು, ಈಗ ಅಷ್ಟೂ ಇರಲ್ಲ.”

“ಅಮ್ಮಾ, ವಾಹನ ಹೊಂದಿರೋ ಕಚೇರಿ ನಮ್ಮದು. ಸಿಬ್ಬಂದೀನ ಹೆಗಲ ಮೇಲೆ ತಂದ್ರೆ ವಾಹನ ಯಾಕೆ ಅಂತ ಮೇಲಿನೋರು ಕೇಳ್ತಾರೆ, ಇದನ್ನೂ ಕಿತ್ಕೋತಾರೆ. ವಾಹನ ಮೇಲೆ ಹೋಗಬೇಕು. ನಿಮ್ಮ ಯಜಮಾನ್ರು ಅದರ ಮೇಲೆ ಕೂತು ಇಳೀಬೇಕು.”

“ಮೇಲೆ ಹೋಗ್ಬೇಕು, ಅಷ್ಟೇ ತಾನೇ? ಹೇಗೆ ಹೋಗ್ಬೇಕು ಅಂತ ಬರೆದಿದೆಯಾ?”

ಸಾಹೇಬರು ನನ್ನನ್ನು ನೋಡಿದರು. ನಲವತ್ತೊಂದು ನಿಯಮಗಳನ್ನೂ ತಿರುವಿ ಹಾಕಿದೆ. ಬರೆದಿರಲಿಲ್ಲ.

ಹೀಗಾಗಿ ಐವತ್ತೆರಡು ಕೆಜಿಯ ಭಾವನನ್ನು ಇಳಿಸಲು ಇನ್ನೂರ ಎಂಬತ್ತು ಕೆಜಿಯ ಕಪ್ಪೆಯನ್ನು ಎಂಟು ಜನ ಬೆಟ್ಟಕ್ಕೆ ತಳ್ಳಿದೆವು. ಡ್ರೈವರ್ ಹ್ಯಾಂಡಲ್ ಹಿಡಿದು ಕೂತಿದ್ದ. ವಾಹನ ಚಲಿಸುವಾಗ ಚಾಲಕ ಕೂತಿರತಕ್ಕದ್ದು ಎಂಬುದು ನಿಯಮ ಏಳು. ಅದು ನಾನು ಬರೆದದ್ದಲ್ಲ, ಆಣೆ ಮಾಡಿ ಹೇಳುತ್ತೇನೆ. ಅಕ್ಕ ಹಿಂದಿನಿಂದ ಡಬ್ಬಿ ಹಿಡಿದು ನಡೆದಳು. “ನನ್ನ ತಮ್ಮ ತಳ್ತಿಲ್ಲ, ಒರಗಿಕೊಂಡಿದ್ದಾನೆ,” ಎಂದು ದಾರಿಯುದ್ದಕ್ಕೂ ಎಲ್ಲರಿಗೂ ಸಾರಿದಳು.

ನಾಲ್ಕು ಗಂಟೆಯ ನಂತರ ಗೋಪುರ ಕಂಡಿತು. ಭಾವ ಗಡ್ಡ ಬಿಟ್ಟುಕೊಂಡು ಏಣಿಯ ಬುಡದಲ್ಲಿ ಕೂತಿದ್ದರು.

“ಎಂಟು ಜನ ಬಂದಿದೀರಲ್ರೋ,” ಎಂದರು ಡಬ್ಬಿಗೆ ಕೈ ಹಾಕುತ್ತ. “ನನ್ನನ್ನೇ ಎತ್ಕೊಂಡು ಹೋಗಬಹುದಿತ್ತಲ್ಲ?”

“ಸುಮ್ನೆ ತಿನ್ರೀ,” ಎಂದಳು ಅಕ್ಕ. “ಅದನ್ನ ನಾನು ಹೇಳಿ, ಇವರ ಸಾಹೇಬ್ರು ಬೇಡ ಅಂದದ್ದೂ ಆಗಿದೆ.”

ಇಳಿಯುವುದಕ್ಕೆ ಇಂಜಿನ್ನು ಬೇಕಿರಲಿಲ್ಲ. ಡ್ರೈವರ್ ಬ್ರೇಕು ಹಿಡಿದ, ಭಾವ ಅವನ ಬೆನ್ನು ಹಿಡಿದರು, ಇಳಿಜಾರು ಮಿಕ್ಕದ್ದನ್ನು ನೋಡಿಕೊಂಡಿತು. ಕಪ್ಪೆ ಗಾಳಿಯ ಹಾಗೆ ಜಾರಿ ಕಚೇರಿಯ ಅಂಗಳಕ್ಕೆ ಬಂತು. ನಾವು ಓಡೋಡಿ ಬರುವಷ್ಟರಲ್ಲಿ ಸಾಹೇಬರು ಬಾಗಿ, ವಿಶ್ರಾಂತಿಯಲ್ಲಿದ್ದ ಎಡಗಿವಿಯನ್ನೇ ಇಂಜಿನ್ನಿನ ಹತ್ತಿರ ಹಿಡಿದಿದ್ದರು.

“ಆಹಾ! ಒಂದು ಚೂರೂ ಸದ್ದಿಲ್ಲ. ಮೆಕ್ಯಾನಿಕ್, ಇದಪ್ಪಾ ಟ್ಯೂನಿಂಗ್ ಅಂದ್ರೆ.”

“ಸಾರ್, ಇಂಜಿನ್ ಓಡ್ತಾನೇ ಇಲ್ಲ.”

“ಅಷ್ಟು ನುಣುಪಾಗಿ ಓಡ್ತಿದೆ ಅನ್ನು.”

ಭಾವ ಏನೋ ಹೇಳಲು ಬಾಯಿ ತೆರೆದರು. ಅಕ್ಕ ಅದಕ್ಕೊಂದು ತುತ್ತು ಇಟ್ಟಳು.

ಸಂಜೆಯೇ ದೃಢೀಕರಣ ಟೈಪ್ ಮಾಡಿದೆ: “ಸ್ಕ್ರೂವನ್ನು ಒಂದೂವರೆ ಸುತ್ತು ತಿರುಗಿಸಲಾಗಿದ್ದು, ಶಬ್ದವು ಸಂಪೂರ್ಣ ತೃಪ್ತಿಕರವಾಗಿದೆ.” ಕಪ್ಪೆಯನ್ನು ಇನ್ನು ಮುಂದೆ ಯಾರೂ ಬಿಚ್ಚಕೂಡದು ಎಂದು ಅದರ ಕಾರ್ಬೊರೇಟರಿಗೆ ಅರಗಿನ ಮುದ್ರೆ ಬಿತ್ತು. ಮೆಕ್ಯಾನಿಕ್‌ಗೆ ಪ್ರಶಂಸಾಪತ್ರ ಕೊಟ್ಟರು. ಅವನು ಅದನ್ನು ಸ್ವಲ್ಪ ಹೊತ್ತು ಕಿವಿಯ ಹತ್ತಿರ ಹಿಡಿದು ನೋಡಿ ಜೇಬಿಗಿಟ್ಟುಕೊಂಡ. ದೃಢೀಕರಣದ ಕಾಗದ ಸಾಹೇಬರ ಸಹಿಗೆ ಹೋಗುವ ಮೊದಲು ಕೊನೆಯಲ್ಲಿ ಇನ್ನೊಂದು ಸಾಲಿಗೆ ಜಾಗವಿತ್ತು. ನನ್ನ ಬೆರಳುಗಳ ವಿಷಯ ನಿಮಗೆ ಗೊತ್ತೇ ಇದೆ.

ನಿಯಮ ನಲವತ್ತೆರಡು: “ತೃಪ್ತಿಕರವಾದ ಶಬ್ದವನ್ನು ಕಾಪಾಡುವ ದೃಷ್ಟಿಯಿಂದ ವಾಹನವನ್ನು ಪ್ರತಿ ಸೋಮವಾರ ಸಿಬ್ಬಂದಿಯೇ ಬೆಟ್ಟಕ್ಕೆ ತಳ್ಳತಕ್ಕದ್ದು.”

ಈಗ ಪ್ರತಿ ಸೋಮವಾರ ತಳ್ಳುತ್ತೇವೆ. ಅಭ್ಯಾಸವಾಗಿದೆ. ಸ್ಟೋರ್ ಕೀಪರನ ಹೊಟ್ಟೆ ಕರಗಿದೆ. ಭಾವನ ಕಾಲು ವಾಸಿಯಾಗಿ, ಹೋದ ವಾರ ಮತ್ತೆ ಅವರ ಸರದಿ ಬಂತು. ಅವರೇ ಮುಂದೆ ನಿಂತು ಕಪ್ಪೆಗೆ ಭುಜ ಕೊಟ್ಟರು. ಬಿಸ್ಕತ್ತಿನ ಚೀಲ ಸೀಟಿನ ಮೇಲೆ, ಡ್ರೈವರನ ಹಿಂದೆ ಆರಾಮಾಗಿ ಕೂತಿತ್ತು.

“ಈ ನಲವತ್ತೆರಡು ನೀನು ಬರೆದದ್ದಲ್ಲ ತಾನೇ?” ಎಂದು ಅಕ್ಕ ಗೇಟಿನ ಹತ್ತಿರ ನನ್ನ ಕಿವಿ ಹಿಡಿದು ಕೇಳಿದಳು.

“ಸಾಹೇಬ್ರೇ ಸಹಿ ಮಾಡಿದಾರೆ ಅಕ್ಕಾ.”

“ಅವನನ್ನ ಬಿಡೇ,” ಎಂದರು ಭಾವ ಬೆವರು ಒರೆಸಿಕೊಳ್ಳುತ್ತ. “ನಡ್ಕೊಂಡು ಹೋದ್ರೂ ನಾಲ್ಕು ಗಂಟೆ, ತಳ್ಕೊಂಡು ಹೋದ್ರೂ ನಾಲ್ಕು ಗಂಟೆ. ಹೀಗಾದ್ರೆ ಆಫೀಸಿನ ಗಾಡೀಲಿ ಹೋದ ಮರ್ಯಾದೆಯಾದ್ರೂ ಇರುತ್ತೆ.”