ಸೀನಿಯಾರಿಟಿ ಪ್ರಕಾರ ಮೆನು

ಒಂದು ತಾಪತ್ರಯ ಮುಗೀತಪ್ಪಾ ಅಂತ ಉಸಿರು ಬಿಡುವಷ್ಟರಲ್ಲಿ ಇನ್ನೊಂದು ಬಂದು ಬಾಗಿಲಲ್ಲಿ ನಿಂತಿರುತ್ತೆ, ನಮ್ಮ ಆಫೀಸಿನ ಹಣೆಬರಹವೇ ಅಷ್ಟು. ದಿನಾ ಪಾಂಡವಪುರದಿಂದ ಬಸ್ಸು ಹಿಡಿದು ಹೋಗಿ ಒಂದು ವಿಶ್ವವಿದ್ಯಾಲಯದ ಕಂಪ್ಯೂಟರ್ ವಿಭಾಗ ನೋಡಿಕೊಳ್ಳುವವಳು ನಾನು. ಮಕ್ಕಳು, ಮೇಷ್ಟ್ರುಗಳು, ಗುಮಾಸ್ತರು ಎಲ್ಲರೂ ತೆರೆಯುವ ಪುಟ ಒಂದೇ. ಅದರಲ್ಲಿ ಎಪ್ಪತ್ತು ಮೆನು, ಬಾಚಿ ಸುರಿದ ಹಾಗೆ. ಹೋದ ವರ್ಷ ಪರೀಕ್ಷೆ ಅರ್ಜಿ ಎಲ್ಲಿದೆಯೋ ಸಿಗದೆ ನಾಲ್ಕು ಮಕ್ಕಳು ಪರೀಕ್ಷೆಯನ್ನೇ ಕಳೆದುಕೊಂಡವು. ಈ ಸಲ ಒಂದು ಮಗುವಿಗೂ ಹಾಗಾಗಬಾರದು ಅಂತ ಮೆನು ಜೋಡಿಸಲು ಕೂತೆ. ಕೂತಿದ್ದೇ ತಪ್ಪಾಯಿತು ನೋಡಿ.

೧. ಮೇಲಿಂದ ಒಂಬತ್ತನೇದು

ಮೊದಲ ದಿನವೇ ಅಂಕಪಟ್ಟಿ ಗುಮಾಸ್ತರು ಏದುಸಿರು ಬಿಡುತ್ತಾ ಬಂದರು.

"ಏನ್ ಮೇಡಂ ಇಂಗ್ ಮಾಡ್ಬುಟ್ರಿ? ಮೇಲಿಂದ ಒಂಬತ್ತನೇದು ಒತ್ತಿದ್ರೆ ಅಂಕಪಟ್ಟಿ ಬತ್ತಿತ್ತು. ಆರು ವರ್ಸದಿಂದ ಅದ್ನೇ ಒತ್ತಾ ಇವ್ನಿ."

ನೋಡಿದೆ. ಈಗ ಒಂಬತ್ತನೆಯದು ರಜೆ ಅರ್ಜಿ. ಪುಣ್ಯಾತ್ಮರು ಹೆಸರು ಓದದೆ ಬೆಳಗ್ಗೆಯಿಂದ ಹನ್ನೊಂದು ರಜೆ ಹಾಕಿಕೊಂಡಿದ್ದಾರೆ! ಅವರ ಮೇಲಧಿಕಾರಿಗಳು ಹನ್ನೊಂದನ್ನೂ ಮಂಜೂರು ಮಾಡಿದ್ದಾರೆ.

"ಅವರಾದರೂ ಓದಬಾರದಿತ್ತಾ?" ಅಂದೆ.

"ಓದಕ್ಕೇನೈತೆ ಮೇಡಂ? ಹಸ್ರು ಬಟನ್ ಬಂದ್ರೆ ಸಾಯೇಬ್ರು ಒತ್ತಾರೆ."

೨. ಯಾರು ಮೇಲೆ, ಯಾರು ಕೆಳಗೆ

ಪರೀಕ್ಷೆ ವಿಭಾಗವನ್ನು ಮೇಲಕ್ಕೆ ತಂದೆ. ಸಂಜೆಗೆ ಸೂಪರಿಂಟೆಂಡೆಂಟರ ಸಭೆ! ಎಲ್ಲರಿಗಿಂತ ಹಿರಿಯರು ಆಡಳಿತ ವಿಭಾಗದವರು, ನಿವೃತ್ತಿಗೆ ಎರಡು ವರ್ಷ ಉಳಿದಿದೆ. ಸೀನಿಯಾರಿಟಿ ಪಟ್ಟಿಯನ್ನು ಮೇಜಿನ ಮೇಲೆ ಕುಕ್ಕಿದರು.

"ಪರೀಕ್ಷೆ ಇಭಾಗದವ್ನು ನಿನ್ನೆ ಮೊನ್ನೆ ಪ್ರಮೋಸನ್ ತಕೊಂಡವ್ನು ಕಣವ್ವ. ಅವ್ನ್ ಮೆನು ನಮ್ಮೆಲ್ಲರ ತಲೆ ಮ್ಯಾಲ್ ಕೂತ್ರೆ ಎಂಗೆ?"

"ಸಾರ್, ಇದು ಮಕ್ಕಳು ನೋಡೋ ಪುಟ."

"ಅದ್ಕೇ ಏಳ್ತಿರೋದು! ನಾನು ಕೆಳಗಿರೋದ್ನ ಆ ಮಕ್ಳು ನೋಡ್ಬೇಕಾ?"

ತಲೆ ಚಚ್ಚಿಕೊಳ್ಳೋಣ ಅನ್ನಿಸಿತು. ಮೆನು ಸೀನಿಯಾರಿಟಿ ಪ್ರಕಾರವೇ ಆಯಿತು, ಪರೀಕ್ಷೆ ಪಾತಾಳಕ್ಕೆ ಹೋಯಿತು. ಕ್ರಮ ತಪ್ಪಿಸಿದರೆ ನಿಮಗೆ ಮೆಮೊ ಅಂತಲೂ ಹೇಳಿ ಕಳಿಸಿದರು.

೩. ನಂದು ಬ್ಯಾಡ

ಮೇಲಿನ ಜಾಗಕ್ಕೆ ಇಷ್ಟು ಜನ ಕಿತ್ತಾಡುವಾಗ ಗ್ರಂಥಾಲಯದವರು ಮಾತ್ರ ಮೆಲ್ಲಗೆ ನನ್ನ ರೂಮಿಗೆ ಬಂದರು.

"ಮೇಡಂ, ನಂದು ಮೆನೂನೇ ಬ್ಯಾಡ. ತೆಗ್ದುಬುಡಿ."

"ಯಾಕೆ ಸಾರ್?"

"ಕಂಡ್ರೆ ಮಕ್ಳು ಒತ್ತಾವೆ. ಒತ್ತಿದ್ಮ್ಯಾಲೆ ಪುಸ್ತಕ ಕೇಳ್ಕೊಂಡು ಬಂದ್ಬುಡ್ತವೆ."

೪. ಎಲ್ಲರ ಮೇಲೆ

ಪರೀಕ್ಷೆ ಅರ್ಜಿಗೆ ಕೊನೇ ದಿನ. ಸಂಜೆ ಐದಕ್ಕೆ ಪುಟ ಮುಚ್ಚುತ್ತೆ. ನಾಲ್ಕೂಕಾಲಿಗೆ ಚಿನಕುರಳಿ ಊರಿಂದ ಒಂದು ಹುಡುಗಿಯ ಫೋನು.

"ಮಿಸ್, ಪರೀಕ್ಷೆದು ಸಿಕ್ತಾನೇ ಇಲ್ಲ. ಈ ವರ್ಸ ಬರೀದಿದ್ರೆ ನಮ್ಮಪ್ಪ ಓದ್ಸಕಿಲ್ಲ ಮಿಸ್."

"ಕೆಳಕ್ಕೆ ಹೋಗ್ತಾ ಇರಮ್ಮ."

"ಹೋಯ್ತಾನೇ ಇವ್ನಿ ಮಿಸ್. ಅರ್ಧಕ್ಕೋದ್ರೆ ಫೋನು ನಿಂತೋಯ್ತದೆ."

ಅಳುತ್ತಿದ್ದಳು. ಪರೀಕ್ಷೆಯನ್ನು ಮೇಲೆ ತಂದರೆ ಹತ್ತು ನಿಮಿಷದಲ್ಲಿ ಸೂಪರಿಂಟೆಂಡೆಂಟರು ಕೆಳಗಿಳಿಸು ಅನ್ನುತ್ತಾರೆ. ಕೆಳಗಿಳಿಸು ಅಂತ ಯಾರೂ ಹೇಳಲಾಗದಂಥವರು ಯಾರಿದ್ದಾರೆ? ತಟ್ಟನೆ ಹೊಳೆಯಿತು. ಸರಸ್ವತಿಯ ಚಿತ್ರ ಹುಡುಕಿ ಪುಟದ ನೆತ್ತಿಯ ಮೇಲೆ, ಆಡಳಿತ ವಿಭಾಗಕ್ಕಿಂತಲೂ ಮೇಲೆ ಕೂರಿಸಿದೆ. ಚಿತ್ರ ಒತ್ತಿದರೆ ನೇರ ಪರೀಕ್ಷೆ ಅರ್ಜಿ. ಅದನ್ನೇ ಒತ್ತು ಅಂತ ಹುಡುಗಿಗೆ ಹೇಳಿದೆ.

"ಮಿಸ್, ದೇವ್ರ ಮ್ಯಾಲೆ ಬೆರಳಿಡ್ಬೇಕಾ?"

"ಕೈ ಮುಗಿದು ಒತ್ತವ್ವ ತಾಯಿ, ಟೈಮಾಯ್ತು!"

ಐದಕ್ಕೆ ಆರು ನಿಮಿಷ ಇರುವಾಗ ಅರ್ಜಿ ಬಂತು. ಅವಳ ಹಿಂದೆಯೇ ಇನ್ನೂ ಹತ್ತೊಂಬತ್ತು ಬಂದವು. ಒಂದು ಮಗುವೂ ತಪ್ಪಲಿಲ್ಲ. ನಾನು ಕುರ್ಚಿಗೆ ಒರಗಿ ಕಣ್ಣೊರೆಸಿಕೊಂಡೆ.

ಮಾರನೆಯ ಬೆಳಗ್ಗೆ ಆಡಳಿತದ ಸೂಪರಿಂಟೆಂಡೆಂಟರು ಬಂದರು. ಮೆಮೊ ಬಂತು ಅಂತ ಎದ್ದು ನಿಂತೆ. ಅವರು ಚಪ್ಪಲಿ ಬಾಗಿಲಲ್ಲೇ ಬಿಟ್ಟು ಒಳಗೆ ಬಂದು, ಸ್ಕ್ರೀನಿಗೆ ಕೈ ಮುಗಿದರು.

"ಇರ್ಲಿ ಬುಡವ್ವ. ತಾಯಿ ಮ್ಯಾಲಿರೋದ್ಕೆ ನಂದೇನೂ ತಕರಾರಿಲ್ಲ. ಆದ್ರೆ ಈಯಮ್ಮ ಬ್ಯಾರೆ ಕಡೆಯಿಂದ ಡೆಪ್ಯುಟೇಸನ್ ಮ್ಯಾಲೆ ಬಂದವ್ರೆ, ಇಲ್ಲಿ ಸೀನಿಯಾರಿಟಿ ಕೇಳಂಗಿಲ್ಲ ಅಂತ ಫೈಲಲ್ಲಿ ಒಂದ್ ಮಾತು ಬರ್ದ್ಬುಡು."