ಹೊಲಿದಿಟ್ಟ ಸೌದೆ

ಇಷ್ಟೆಲ್ಲ ತಾಪತ್ರಯಕ್ಕೆ ಮೂಲ ಒಂದು ಟಾರ್ಪಾಲು. ಬೇಸಿಗೆಯಲ್ಲಿ ದರ್ಜಿ ಹಸಿ ಸೌದೆ ಸೀಳಿಸಿ ಒಣಗಲೆಂದು ಹಿತ್ತಲಲ್ಲಿ ಒಟ್ಟಿದ್ದ. "ಮುಚ್ಚಿಡಯ್ಯಾ, ಮಳೆ ಬಂದ್ರೆ ಹಾಳಾಗುತ್ತೆ" ಎಂದರು ಪಕ್ಕದ ಮನೆಯ ಮೇಷ್ಟ್ರು. ಹೇಳಿಕೇಳಿ ದರ್ಜಿ, ಟಾರ್ಪಾಲನ್ನು ನೆಲದವರೆಗೂ ಎಳೆದು, ಗಾಳಿಯೂ ನುಸುಳದಂತೆ ಸುತ್ತ ಹೊಲಿದುಬಿಟ್ಟ.

ಚಳಿ ಬಿದ್ದ ಈ ಬೆಳಿಗ್ಗೆ ಹೊಲಿಗೆ ಬಿಚ್ಚಿದರೆ, ಸೌದೆ ಸೀಳಿದ ದಿನದಷ್ಟೇ ಹಸಿ! ಮೇಲೆ ಅಣಬೆ ಬೇರೆ. ಒಳಗೆ ಅವನ ತಾಯಿ ಕೆಮ್ಮಿ ಕೆಮ್ಮಿ ನಡುಗುತ್ತಿದ್ದಳು. "ಇವತ್ತು ಕೋಣೆ ಬೆಚ್ಚಗಿರಲೇಬೇಕು. ಇಲ್ದಿದ್ರೆ ನಾಳೆ ನನ್ನ ಕರೀಬೇಡಿ, ಪೆಟ್ಟಿಗೆ ಮಾಡೋ ಬಡಗೀನ ಕರೀರಿ" ಎಂದು ಡಾಕ್ಟರು ಹೇಳಿಹೋಗಿದ್ದರು.

ಒಲೆಗೆ ಹಾಕಿದ ಸೌದೆ ಉರಿಯಲಿಲ್ಲ. ತುದಿಯಲ್ಲಿ ನೊರೆ ಕಾರುತ್ತ ಹೊಗೆ ಉಗುಳಿತು. ಹೊಗೆ ಕಂಡು ನೆರೆಯವರು ಬಂದರು.

"ಗಾಳಿ ಆಡಕ್ಕೆ ಬಿಡಬೇಕಿತ್ತು" ಎಂದರು ಅದೇ ಮೇಷ್ಟ್ರು.

"ಎರಡು ತುಂಡು ಬಡಿದು ನೋಡ್ಬೇಕಿತ್ರೀ. ಒಣಗಿದ್ರೆ ಟಣ್ ಅನ್ನುತ್ತೆ" ಎಂದು ಎದುರುಮನೆಯಾಕೆ ಬಡಿದೂ ತೋರಿಸಿದಳು. ಒದ್ದೆ ಚಪ್ಪಲಿ ಬಡಿದಂತಾಯಿತು.

"ಬುದ್ಧಿ ಸಾಕು. ಯಾರ ಮನೇಲಾದ್ರೂ ಒಣಗಿದ್ದು ಇದ್ಯಾ?" ದರ್ಜಿ ಕೈಮುಗಿದ. ಎಲ್ಲರಿಗೂ ಒಮ್ಮೆಲೇ ಮನೆಯಲ್ಲಿ ಬಿಟ್ಟು ಬಂದ ಕೆಲಸ ನೆನಪಾಯಿತು.

ತನ್ನ ಕೋಟನ್ನು ಅಮ್ಮನಿಗೆ ಹೊದಿಸಿ, ಬರೀ ಅಂಗಿಯಲ್ಲಿ ಕೊರೆಯುವ ಗಾಳಿಗೆ ಮನೆಮನೆ ಅಲೆದ. ಸಂಜೆ ಹೊತ್ತಿಗೆ ಉಳಿದದ್ದು ಬಡಗಿಯ ಶೆಡ್ಡು ಒಂದೇ. ಅಲ್ಲಿ ನಡುನಡುವೆ ಪಟ್ಟಿ ಕೊಟ್ಟು, ಗಾಳಿಯಾಡುವಂತೆ ಪೇರಿಸಿದ ಒಣ ಹಲಗೆಗಳು!

"ಇವು ಕೊಡಕ್ಕಾಗಲ್ಲಣ್ಣ" ಬಡಗಿ ಸಂಕೋಚದಿಂದ ಅಂದ. "ನಿಮ್ಮಮ್ಮಂಗೇ ಇಟ್ಟಿರೋದು. ಹೋದ ವರ್ಷ ಕೆಮ್ಮು ಶುರುವಾದಾಗ್ಲೇ ಮಣ್ಣು ಮಾಡೋ ಕೊನೇ ಪೆಟ್ಟಿಗೆಗೆ ಅಂತ ಒಣಗಕ್ಕೆ ಹಾಕ್ದೆ. ಹಸಿ ಹಲಗೇಲಿ ಮಾಡಿದ್ರೆ ಬಾಯಿ ಬಿಡುತ್ತೆ, ನನ್ನ ಹೆಸರು ಹಾಳು."

ದರ್ಜಿಗೆ ಅಳುವೂ ಬಂತು, ಸಿಟ್ಟೂ ಬಂತು. "ಅಮ್ಮಂದೇ ತಾನೆ? ಹಂಗಿದ್ರೆ ಇವತ್ತೇ ಕೊಡು!"

ಇಬ್ಬರೂ ಹೊತ್ತು ತಂದರು. ಹಲಗೆ ಧಗಧಗ ಉರಿಯಿತು. ಕತ್ತಲಾಗುವಷ್ಟರಲ್ಲಿ ಅಮ್ಮ ಎದ್ದು ಒಲೆಯ ಮುಂದೆ ಕೂತು, ಬಿಸಿ ಹಾಲು ಕುಡಿದು, "ಎಂಥ ಸೌದೆಯೋ ಮಗಾ! ಎಲ್ಲಿಂದ ತಂದೆ?" ಎಂದಳು. ಉತ್ತರ ಹೇಳಲು ದರ್ಜಿ ಬಾಯಿ ತೆರೆದ. ಕೆಮ್ಮು ಒತ್ತರಿಸಿಕೊಂಡು ಬಂತು. ದಿನವಿಡೀ ಕುಡಿದ ಚಳಿ ಎದೆಯಲ್ಲಿ ಗೊರಗೊರ ಎನ್ನುತ್ತಿತ್ತು. ನಿಲ್ಲಲಾಗದೆ ಅಮ್ಮ ಎದ್ದ ಹಾಸಿಗೆಯಲ್ಲೇ ಮಲಗಿಬಿಟ್ಟ.

ಬಡಗಿ ಅವನನ್ನು ತಲೆಯಿಂದ ಕಾಲಿನವರೆಗೆ ಒಮ್ಮೆ ನೋಡಿದ. ಅಮ್ಮನಿಗಿಂತ ಒಂದು ಗೇಣು ಉದ್ದವೇ.

"ಅಣ್ಣಾ, ಅವಸರ ಮಾಡ್ಬೇಡ" ಎಂದ ಮೆಲ್ಲಗೆ. "ನನ್ನ ಹತ್ರ ಉಳಿದಿರೋದೆಲ್ಲ ಹಸಿ ಹಲಗೆ. ಒಣಗೋವರೆಗೂ ಹೆಂಗಾದ್ರೂ ತಡ್ಕೊ."